ಮಾವನ ಹೆಸರಿನಲ್ಲಿ ನಲವತ್ತು ದಿನ

ನನ್ನ ಸೋದರಮಾವನನ್ನು ಕ್ಷಮಿಸಲು ನನಗೆ ನಲವತ್ತು ದಿನ ಹಿಡಿಯಿತು. ನಮ್ಮ ಸಭೆಯ ಪಾಸ್ಟರು ಹೇಳಿದ್ದರು: ಯಾರು ಕೇಡು ಮಾಡಿದ್ದಾರೋ ಅವರ ಹೆಸರು ಹಿಡಿದು ದಿನಾ ಪ್ರಾರ್ಥನೆ ಮಾಡಿರಿ, ಅವರ ಮಕ್ಕಳಿಗೆ ಒಳ್ಳೆಯದಾಗಲಿ ಅನ್ನಿರಿ, ಹೊಟ್ಟೆಯಲ್ಲಿ ಸಿಟ್ಟು ಇಟ್ಟುಕೊಂಡು ಪ್ರಭುವಿನ ಭೋಜನಕ್ಕೆ ಕೈ ಚಾಚಬೇಡಿರಿ. ಹೇಳಿದ್ದನ್ನು ಪೂರಾ ಮಾಡುವವರ ಪೈಕಿ ನಾನು. ಎರಡು ಸಲ ರೊಟ್ಟಿ ಮತ್ತು ದ್ರಾಕ್ಷಾರಸದ ತಟ್ಟೆ ಬಂದಾಗ ಮುಟ್ಟದೆ ಪಕ್ಕದವರಿಗೆ ದಾಟಿಸಿದ್ದೆ. ಆಮೇಲೆ ಮಾವನ ಹೆಸರು ಹಿಡಿದು ಕೂತೆ. ಮೊದಲ ವಾರ ಹೆಸರು ಹೇಳುವಾಗ ಹಲ್ಲು ಕಚ್ಚುತ್ತಿದ್ದೆ. ನಲವತ್ತನೇ ದಿನ ಕಚ್ಚಲಿಲ್ಲ.

ಮಾವ ಮಾಡಿದ್ದು ಸಣ್ಣದೇನಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಇದ್ದಾಗ ತಿಕೋಟಾದ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ, ಅವ್ವ ಹೆಬ್ಬೆಟ್ಟು. ನಾನು ವಿಜಯಪುರದ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದವಳು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದಲ್ಲ. ಮಾವನ ಮಾತು ಬಂದಾಗ ನಾನು ಒಲ್ಲೆ ಅಂದಿದ್ದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಕೊನೆಯ ವರ್ಷದ ಕೊನೆಯ ಪೇಪರು ಬೆಳಿಗ್ಗೆ ಹತ್ತಕ್ಕೆ ಇತ್ತು, ಅವ್ವನಿಗೂ ಹೇಳಿದ್ದೆ. ಅವ್ವ ನನ್ನ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ಹೊರಗೆ ಮಾವ ಗಾಡಿ ತಂದು ನಿಲ್ಲಿಸಿದ್ದ. ಅವನ ಗಾಡಿ ಹತ್ತಲು ನನಗೆ ಮನಸ್ಸಿರಲಿಲ್ಲ.

"ಬಸ್ಸಿಗೆ ಯಾಕ ಜೋತು ಬೀಳ್ತಿ? ಮಾವ ಬಿಡ್ತಾನ, ಹೋಗು," ಅಂದಳು ಅವ್ವ.

ಗಾಡಿ ವಿಜಯಪುರದ ರಸ್ತೆ ಬಿಟ್ಟು ಬಬಲೇಶ್ವರದ ಕಡೆ ತಿರುಗಿತು. ನಾನು ಪರೀಕ್ಷಾ, ಪರೀಕ್ಷಾ ಅಂತ ಒದರುತ್ತ ಅವನ ಬೆನ್ನಿಗೆ ಗುದ್ದಿದೆ. "ಪರೀಕ್ಷಾ ಮಧ್ಯಾಹ್ನ ಐತೆಲ್ಲ, ಯಾಕ ಒದರಾಕತ್ತಿ?" ಅಂತ ನಕ್ಕ. ಮಮದಾಪುರದಲ್ಲಿ ಅವ್ವನ ಕಾಕಾನ ಮನೆಯಲ್ಲಿ ಜಮಖಾನೆ ಹಾಸಿತ್ತು. ತಟ್ಟೆಯಲ್ಲಿ ಹಸಿರು ಸೀರೆ, ಕಾಯಿ, ಉತ್ತತ್ತಿ, ಉಡಿ ತುಂಬಿ ಮದುವೆ ಗಟ್ಟಿ ಮಾಡಲು ಐವರು ಮುತ್ತೈದೆಯರು. ನಾನು ಆ ತಟ್ಟೆಯನ್ನು ಕಾಲಿಂದ ಒದ್ದು, ಇಡೀ ಓಣಿಗೆ ಕೇಳುವ ಹಾಗೆ ಮಾವನನ್ನು ಬೈದು, ಬಸ್ಸಿಗೆ ಓಡಿದೆ. ಕಾಲೇಜು ಮುಟ್ಟಿದಾಗ ಹನ್ನೊಂದೂವರೆ. ಒಳಗೆ ಬಿಡಲಿಲ್ಲ. ಒಂದು ವರ್ಷ ಹೋಯಿತು.

ಅವತ್ತು ಸಂಜೆ ಅವ್ವ ಹಣೆ ಹಣೆ ಬಡಿದುಕೊಂಡಳು. "ಆ ಭಾಡ್ಯಾನ ಮನಿ ನೀರು ಮುಟ್ಟಿದ್ರ ನಾ ನಮ್ಮಪ್ಪಗ ಹುಟ್ಟಿದಾಕಿ ಅಲ್ಲ," ಅಂತ ಆಣೆ ಮಾಡಿದಳು. ಹನ್ನೊಂದು ವರ್ಷ ನಾವಿಬ್ಬರೂ ಆ ಆಣೆ ಮುರಿಯಲಿಲ್ಲ. ಅವನ ಮದುವೆಗೂ ಹೋಗಲಿಲ್ಲ. ಈಗ ನಾನು ಹೈಸ್ಕೂಲ್ ಟೀಚರ್, ನೌಕರಿ ಸಿಕ್ಕ ಮೇಲೆ ಪ್ರಭುವಿನ ಸಭೆಗೆ ಸೇರಿದವಳು. ಅವ್ವ ವಿಜಯಪುರದ ಜಲನಗರದ ಬಾಡಿಗೆ ಮನೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಅವಳ ಲಿಂಗಪೂಜೆ ಅವಳಿಗೆ, ನನ್ನ ಪ್ರಾರ್ಥನೆ ನನಗೆ, ಜಗಳವಿಲ್ಲ.

ನಲವತ್ತು ದಿನ ಮುಗಿದ ಮೇಲಿನ ಶನಿವಾರ ಸಾಲೆ ಬಿಟ್ಟ ಕೂಡಲೇ ಮಾವನ ಊರಾದ ಬಬಲೇಶ್ವರದ ಬಸ್ಸು ಹತ್ತಿದೆ. ಅವ್ವನಿಗೆ ಹೇಳಲಿಲ್ಲ. ಒಳ್ಳೆಯ ಸೀರೆ ಉಟ್ಟಿದ್ದೆ, ಅರ್ಧ ಕಿಲೋ ಪೇಡೆ ಹಿಡಿದಿದ್ದೆ. ನಿಜ ಹೇಳಬೇಕೆಂದರೆ, ಮಾವ ಅಳುತ್ತಾನೆ ಅಂದುಕೊಂಡಿದ್ದೆ. ಅವನು ಅತ್ತರೆ ಏನು ಹೇಳಬೇಕು ಅನ್ನುವುದನ್ನೂ ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದೆ.

ಮಾವ ಕಟ್ಟೆಯ ಮೇಲೆ ಕೂತು ಸ್ಪ್ರೇ ಪಂಪಿನ ನಳಿಕೆ ಬಿಚ್ಚುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತವನು, "ಅಕ್ಕ ಆರಾಮ ಅದಾಳಿಲ್ಲೋ?" ಅಂದ. ಅವನು ಕೇಳಿದ ಮೊದಲ ಮಾತು ಅದು. ಅವನ ಹೆಂಡತಿ, ನನ್ನ ಅತ್ತಿ, ನೀರು ತಂದಳು. ಅವ್ವನ ಆಣೆ ಮುರಿದು ಕುಡಿದೆ. ಎಂಥ ದೊಡ್ಡ ಮನಸ್ಸು ನನ್ನದು ಅನ್ನಿಸಿತು.

"ಮಾವಾ, ನೀ ಅವತ್ತ ಮಾಡಿದ್ದಕ್ಕ ನಾ ನಿನ್ನ ಕ್ಷಮಿಸೀನಿ. ಈಗ ನನ್ನ ಮನಸಿನ್ಯಾಗ ಏನೂ ಇಲ್ಲ," ಅಂದೆ.

ಮಾವ ಕೂತು ಮತ್ತೆ ನಳಿಕೆ ಬಿಚ್ಚತೊಡಗಿದ. ಅತ್ತಿಯೇ ಬಾಯಿ ತೆಗೆದಳು.

"ಅಯ್ಯ ಶಿವನ! ಮಾಫಿ ಮಾಡಾಕ ಬಂದಾಳಂತ! ಬಸ್ ಚಾರ್ಜ್ ಕೊಟ್ಟು, ಪೇಡೆ ಹಿಡಕೊಂಡು! ಕೇಳಿದ್ರೇನ?"

"ಸುಮ್ಕಿರ," ಅಂದ ಮಾವ.

"ಯಾಕ ಸುಮ್ಕಿರ್ಲಿ? ಮಂದಿ ಇವರಿಗೆ ಹುಡುಗಿ ಕದ್ದಾವ ಅಂತ ಹೆಸರಿಟ್ರು. ನಾಕು ವರ್ಷ ಹೆಣ್ಣು ಸಿಗಲಿಲ್ಲ. ಮಾಫಿ ಯಾರು ಕೇಳಬೇಕವ್ವ? ಹೇಳ್ರಿ, ಇವತ್ತರ ಹೇಳ್ರಿ."

ಅವಳೇ ಹೇಳಿದಳು. ಕರೆದುಕೊಂಡು ಹೋಗು ಅಂದವಳು ನಮ್ಮವ್ವ. ಹುಡುಗಿ ಒಪ್ಪಿದ್ದಾಳೆ, ನಾಚಿಕೆಗೆ ಒಲ್ಲೆ ಅಂತಾಳೆ, ಕಿವಿಗೆ ಹಾಕಿಕೊಳ್ಳಬೇಡ. ಉಡಿ ತುಂಬಿಸಿ ಎರಡು ಗಂಟೆಗೆ ಪರೀಕ್ಷೆಗೆ ಬಿಡು. ನಾನು ಹಿಂದಿನಿಂದ ಬಸ್ಸಿಗೆ ಬರುತ್ತೇನೆ ಅಂದಿದ್ದಳಂತೆ. ಬರಲೇ ಇಲ್ಲ.

ನನಗೆ ಮೊದಲು ಕೇಳಿಸಲಿಲ್ಲ ಅನ್ನಬೇಕು. ಪೇಡೆಯ ಡಬ್ಬಿಯ ದಾರ ಬಿಚ್ಚುತ್ತಿದ್ದೆ, ಬಿಚ್ಚುತ್ತಲೇ ಇದ್ದೆ. "ಮಧ್ಯಾಹ್ನ ಐತೆಲ್ಲ" ಅಂದ ಆ ಮಾತನ್ನು ಹನ್ನೊಂದು ವರ್ಷ ಅಣಕ ಅಂತ ತಿಳಿದಿದ್ದೆ. ಅವನಿಗೆ ನಿಜವಾಗಿಯೂ ಹಾಗೇ ಗೊತ್ತಿತ್ತು.

"ಅವತ್ತಽ ಯಾಕ ಹೇಳಲಿಲ್ಲ ಮಾವಾ?"

"ಹೇಳಿದ್ರ ನೀ ಅಕಿ ಕೂಡ ಇರ್ತಿದ್ದೇನ? ನನಗೇನ, ನಾ ಗಂಡಸು. ಹೋಗ್ಲಿ ಬಿಡು. ಚಾ ಕುಡಿ."

ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ಅವನ ಕಾಲು ಮುಟ್ಟಲು ಬಾಗಿದೆ, ಅವನು ಕಾಲು ಹಿಂದೆ ತೆಗೆದುಕೊಂಡ. ಬಸ್ಸಿನಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಮಾವನೂ ಇರಲಿಲ್ಲ, ಹೋದ ಆ ವರ್ಷವೂ ಇರಲಿಲ್ಲ. ಮೊಸರು ಸಕ್ಕರೆ ಇತ್ತು. ನಾನು ಪರೀಕ್ಷೆಗೆ ಮುಟ್ಟುವುದಿಲ್ಲ ಅಂತ ಗೊತ್ತಿದ್ದೂ ಆ ಕೈ ನನ್ನ ಅಂಗೈಗೆ ಮೊಸರು ಸಕ್ಕರೆ ಹೇಗೆ ಹಾಕಿತು?

ಮನೆ ಸೇರಿದಾಗ ಅವ್ವ ಸೊಪ್ಪು ಸೋಸುತ್ತಿದ್ದಳು. ನಿಂತಲ್ಲೇ ಕೇಳಿದೆ. ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದೆ, ಹೇಳಲಿಲ್ಲ.

"ಹೌದು. ನಾನಽ ಹೇಳಿದ್ದೆ."

"ಯಾಕ ಬೇ?"

"ನೀ ಪಾಸಾದ್ರ ನಮ್ಮ ಕೈಗೆ ಸಿಗಂಗಿಲ್ಲ ಅನಿಸ್ತು. ತಮ್ಮನ ಮನ್ಯಾಗಿದ್ರ ಕಣ್ಣ ಮುಂದ ಇರ್ತಿ ಅಂದ್ಕೊಂಡೆ. ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಬಸ್ಸು ಬಂತು, ಕಾಲು ಏಳಲಿಲ್ಲ. ಹಂಗಽ ಕುಂತೆ." ಸೊಪ್ಪಿನ ಕಡ್ಡಿ ಮುರಿದಳು. "ನೀ ಅಳಕೊಂತ ಬಂದಾಗ ಹೇಳಾಕ ಧೈರ್ಯ ಆಗಲಿಲ್ಲ. ನಿನ್ನ ಉಳಿಸಿಕೊಳ್ಳಾಕ ಅವನ್ನ ಬಿಟ್ಟೆ."

ಮಾವನಿಗೆ ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಒಂದು ಶಬ್ದವೂ ಇವಳಿಗೆ ಹೊಂದುತ್ತಿರಲಿಲ್ಲ. ತಪ್ಪು ಮಾಡದವನನ್ನು ಕ್ಷಮಿಸಲು ನಲವತ್ತು ದಿನ ಬೇಕಾಗಿತ್ತು. ತಪ್ಪು ಮಾಡಿದವಳು ಪ್ರತಿ ದಿನ ನಾನು ಪ್ರಾರ್ಥನೆಗೆ ಕೂತ ಕೋಣೆಯ ಗೋಡೆಯಾಚೆ ರೊಟ್ಟಿ ಬಡಿಯುತ್ತಿದ್ದಳು, ಯಾರ ಹೆಸರು ಹೇಳುತ್ತಿದ್ದೇನೆ ಅಂತ ಕೇಳಿಸಿಕೊಳ್ಳುತ್ತಿದ್ದಳು.

ಮರುದಿನ ಭಾನುವಾರ. ಸಭೆಯಲ್ಲಿ ಪ್ರಭುವಿನ ಭೋಜನದ ತಟ್ಟೆ ನನ್ನ ಸಾಲಿಗೆ ಬರುವ ಮೊದಲೇ ಎದ್ದು ಹೊರಗೆ ಬಂದೆ. ಮನೆಯಲ್ಲಿ ಅವ್ವ ತನ್ನ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು, ತಿಕೋಟಾದ ಬಸ್ಸಿಗೆ ಹೊರಟು ಕೂತಿದ್ದಳು. ಚೀಲ ಕಸಿದುಕೊಂಡೆ.

"ಎಲ್ಲಿಗೂ ಹೋಗಬ್ಯಾಡ. ಆದ್ರ ಕ್ಷಮಿಸೀನಿ ಅನ್ನಾಕ ನನಗ ಬರವಲ್ದು ಬೇ."

"ಅನಬ್ಯಾಡ," ಅಂದಳು ಅವ್ವ. "ನೀ ಹಂಗ ಅಂದ್ರ ನಾ ಈ ಮನ್ಯಾಗ ಇರಾಕ ಆಗೂದಿಲ್ಲ."

ನಾನು ಇನ್ನೂ ಅಂದಿಲ್ಲ. ಅವಳು ಇನ್ನೂ ಇಲ್ಲೇ ಇದ್ದಾಳೆ.