ಹುಳುವಿಗಾಗದ ಹೊಗೆ

ನನ್ನ ತವರು ಕಲ್ಯಾಣದುರ್ಗ. ಊರಂಚಿನ ದಿಬ್ಬದ ಮೇಲೆ ಮನೆ. ಅಲ್ಲಿ ಗಾಳಿಗೆ ಬಿಡುವೇ ಇಲ್ಲ. ಒಣಹಾಕಿದ ಸೀರೆ ಹಾರಿಸಿದಾಗ ಅದನ್ನು ಬೈಯುತ್ತಿದ್ದೆವು, ಕಣದಲ್ಲಿ ರಾಗಿ ತೂರುವಾಗ ಹೊಗಳುತ್ತಿದ್ದೆವು. ಬೆಳಗ್ಗೆ ಅಂಗಳ ಗುಡಿಸಿ ಕಸದ ಗುಡ್ಡೆಗೆ ಕಡ್ಡಿ ಗೀರಿದರೆ, ನಾನು ರಂಗೋಲಿ ಮುಗಿಸುವಷ್ಟರಲ್ಲಿ ಹೊಗೆಯ ಸುಳಿವೂ ಇರುತ್ತಿರಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ನಾನು ಯಾವತ್ತೂ ಕೇಳಿದವಳಲ್ಲ.

ಮದುವೆಯಾಗಿ ಹಿಂದೂಪುರದ ಹತ್ತಿರ, ಪರಿಗಿ ಕಡೆಯ ಹಳ್ಳಿಗೆ ಬಂದಾಗ ಆ ಅಭ್ಯಾಸವನ್ನೂ ಪಾತ್ರೆಪಗಡೆಯ ಜೊತೆ ತಂದೆ. ಇಲ್ಲಿ ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಬದುಕು. ಹುಳುವಿನ ಮನೆ ನಮ್ಮ ಅತ್ತೆಯ ರಾಜ್ಯ. ಅಲ್ಲಿ ಹುಳುವೇ ದೊರೆ, ಉಳಿದವರೆಲ್ಲ ಆಳುಗಳು. ಹುಳು ಇದ್ದಷ್ಟು ದಿನ ದೇವರಿಗೆ ಊದುಬತ್ತಿ ಇಲ್ಲ, ಬಂದ ನೆಂಟರಿಗೆ ಬೀಡಿ ಇಲ್ಲ, ನಾನು ಮೆಣಸಿನಕಾಯಿ ಒಗ್ಗರಣೆ ಹಾಕಬೇಕಾದರೆ ಅಡುಗೆಮನೆಯ ಬಾಗಿಲು ಮುಚ್ಚಿರಬೇಕು.

ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ, ಒಣಗಿದ ಹಿಕ್ಕೆ ದಿನಾ ರಾಶಿ ಬೀಳುತ್ತದೆ. ಹೊಸದರಲ್ಲಿ ಒಂದು ಬೆಳಗ್ಗೆ ಅದನ್ನು ಹುಳುವಿನ ಮನೆಯ ಪಕ್ಕದಲ್ಲೇ ಸುಡಲು ಹೋದೆ. ಅತ್ತೆ ಸೊಪ್ಪಿನ ಹೊರೆ ಬಿಸಾಕಿ ಓಡಿಬಂದರು.

“ಹುಳಕ್ಕೆ ಹೊಗೆ ಆಗಲ್ಲ ಕಣಮ್ಮ! ಅತ್ಲಾಗೆ ಹಾಕು, ಅಡಿಗೆಮನೆ ಹಿಂದಕ್ಕೆ.”

ಅವರು ಹೇಳಿದಂತೆ ಅಡುಗೆಮನೆಯ ಹಿಂದಕ್ಕೆ ಹಾಕಿದೆ. ಅಂದಿನಿಂದ ಎಂಟು ವರ್ಷ ಅಲ್ಲೇ ಸುಟ್ಟೆ. ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ ಒಂದು ಸಣ್ಣ ಕಿಟಕಿ, ಕಿಟಕಿಯ ಕೆಳಗೆ ಅತ್ತೆಯ ಮಂಚ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ನಮ್ಮಿಬ್ಬರಿಗೂ ಹೊಗೆ ಎಂದರೆ ಹುಳುವಿಗೆ ಆಗದ ವಸ್ತು, ಅಷ್ಟೇ.

ಹೋದ ಚಳಿಗಾಲ ಅತ್ತೆಗೆ ಉಬ್ಬಸ ಶುರುವಾಯಿತು. ಕಾರ್ತಿಕ ಕಳೆದ ಮೇಲೆ ನಮ್ಮ ಕಡೆ ಬೆಳಗಿನ ಗಾಳಿ ಅಲುಗಾಡುವುದಿಲ್ಲ. ಮಂಜು, ಕಣದ ಧೂಳು, ಬೀದಿಯ ಹೊಗೆ ಎಲ್ಲ ಸೇರಿ ಸೊಂಟದೆತ್ತರಕ್ಕೆ ಕೂತಿರುತ್ತವೆ, ಬಿಸಿಲೇರಿದ ಮೇಲೇ ಏಳುವುದು. ಅತ್ತೆಯೂ ಹಾಗೇ ಮಂಚದ ಮೇಲೆ ಕೂತು ಉಸಿರಿಗಾಗಿ ಕಾಯುತ್ತಿದ್ದರು. ಮಾತಾಡಿಸಿದರೆ ಕೈ ಎತ್ತಿ, ತಾಳು, ಎನ್ನುವರು. ನನಗೆ ಭಯವಾಗುತ್ತಿತ್ತು.

ಹಿಂದೂಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಏನು ಕೆಲಸ ಎಂದು ಕೇಳಿದರು. ಹುಳುವಿನ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತಾರೆ ಎಂದು ತಿಳಿದದ್ದೇ ತಡ, ತೆಲುಗಿನಲ್ಲಿ “ಪುರುಗುಲ ಪನಿ ಮಾನೇಯ್ ಅಮ್ಮಾ” ಎಂದರು. ಹುಳುವಿನ ಕೆಲಸ ಬಿಟ್ಟುಬಿಡು ಎಂದು ಅರ್ಥ. ಕೈಗೊಂದು ಇನ್‌ಹೇಲರ್ ಕೊಟ್ಟರು.

ಬಸ್ಸಿನಲ್ಲಿ ಗಂಡ, “ಈಗಿರೋ ಬೆಳೆಗೆ ಮುಗೀತು. ತೋಟ ಕಿತ್ತಾಕಿ ಮೆಕ್ಕೆಜೋಳ ಹಾಕ್ಬುಡ್ತೀನಿ” ಎಂದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು, ಊರು ಬರುವವರೆಗೂ ತಿರುಗಲಿಲ್ಲ. ನಲವತ್ತು ವರ್ಷದ ಕೈಕೆಲಸವನ್ನು ಇಬ್ಬರು ಗಂಡಸರು ಐದು ನಿಮಿಷದಲ್ಲಿ ಮುಗಿಸಿಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಹೇಗಾದರೂ ಸರಿ, ಈ ತೋಟ ಕೀಳಲು ಬಿಡುವುದಿಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ.

ಮೊದಲು ಫೋನ್ ನೋಡಿದೆ. ಗಾಳಿ ಹೇಗಿದೆ ಎಂದು ಹೇಳುವ ಒಂದು ಆ್ಯಪ್ ಇದೆಯಲ್ಲ, ಅದು ದಿನಾ ಬೆಳಗ್ಗೆ ಹಳದಿ ಬಣ್ಣ ತೋರಿಸಿ ‘ಪರವಾಗಿಲ್ಲ’ ಎನ್ನುತ್ತಿತ್ತು. ಪಕ್ಕದಲ್ಲೇ ಅತ್ತೆಯ ಎದೆ ಸೀಟಿ ಹೊಡೆಯುತ್ತಿತ್ತು. ನಮ್ಮ ಹಿತ್ತಿಲು ಆ ಪುಣ್ಯಾತ್ಮನಿಗೆ ಎಲ್ಲಿಂದ ಕಾಣಬೇಕು?

ಆಮೇಲೆ ಮೂರು ದಿನ ಸೈಕ್ಲೋನಿನ ಜಿಟಿಮಳೆ ಹಿಡಿಯಿತು, ಕಸವೆಲ್ಲ ನೆನೆದು ಬೀದಿಯಲ್ಲಿ ಯಾರೂ ಬೆಂಕಿ ಹಚ್ಚಲಿಲ್ಲ. ತೇವಕ್ಕೆ ಹುಳುವಿನ ಹಾಸಿಗೆ ಕೆಡಬಾರದೆಂದು ಅತ್ತೆ ಎಂದಿಗಿಂತ ಎರಡು ಪಟ್ಟು ಸುಣ್ಣ ಉದುರಿಸಿದರು, ಬೇಡವೆಂದರೂ ಕೇಳಲಿಲ್ಲ. ಇವತ್ತು ಕಥೆ ಮುಗಿಯಿತು ಎಂದುಕೊಂಡೆ. ಏನೂ ಆಗಲಿಲ್ಲ. ಮೂರನೇ ದಿನ ಬೆಳಗ್ಗೆ ಅತ್ತೆ ಎದ್ದು ಎರಡು ಲೋಟ ಕಾಫಿ ಕುಡಿದು, ನನ್ನ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಹಂಗಿಸಿದರು. ಹಂಗಿಸಲು ಉಸಿರಿತ್ತು!

ಮಳೆ ನಿಂತ ಮೇಲೆ ಕಡ್ಡಿ ಒಣಗಿದವು. ಎಂದಿನಂತೆ ಹಿಂದಕ್ಕೆ ಹೋಗಿ ಬೆಂಕಿ ಹಚ್ಚಿದೆ. ಹೊಗೆ ಮೇಲೇಳಲಿಲ್ಲ. ಗೋಡೆಯ ಬುಡದಲ್ಲೇ ತೆವಳಿ, ಕಿಟಕಿಯ ಹತ್ತಿರ ಹೋಗಿ, ಮೆಲ್ಲಗೆ ಒಳಗಿಳಿಯಿತು. ಒಳಗಿನಿಂದ ಕೆಮ್ಮು ಕೇಳಿಸಿತು. ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ನಿಂತ ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಯಿತು. ಎಂಟು ವರ್ಷ ಅತ್ತೆಗೆ ದಿನಾ ಬೆಳಗ್ಗೆ ಹೊಗೆ ಹಾಕಿದವಳು ನಾನೇ. ಬಿಂದಿಗೆ ನೀರು ಸುರಿದು ಬೆಂಕಿ ಆರಿಸಿ, ಗಂಡನ ಹತ್ತಿರ ಹೋಗಿ ಹಾಗೆಂದೇ ಹೇಳಿದೆ.

ಗಂಡ ಹಿಂದಕ್ಕೆ ಬಂದು ಆ ಕಿಟಕಿ ನೋಡಿ, “ನೋಡಾನ. ಗೂಡು ಮಾರಿದ ಮ್ಯಾಲೆ ಹದಿನೈದು ದಿನ ಹುಳದ ಮನೆ ಖಾಲಿ ಇರ್ತೈತಲ್ಲ, ಅದೂ ಕಳೀಲಿ. ಅಲ್ಲೀಗಂಟ ಅವ್ವನ ಉಸ್ರು ನೆಟ್ಟಗಿದ್ರೆ ತೋಟ ಇರ್ಲಿ. ಇಲ್ಲಾಂದ್ರೆ ಕೀಳಾದೇ” ಎಂದರು. ಅಷ್ಟು ಸಾಕಿತ್ತು. ಅಂದೇ ಗುದ್ದಲಿ ಹಿಡಿದು ತೆಂಗಿನ ಮರದಾಚೆ ಗುಂಡಿ ತೋಡಿದೆ. ಕಡ್ಡಿ, ಹಿಕ್ಕೆ ಎಲ್ಲ ಅದಕ್ಕೆ ಸುರಿದು ಮೇಲೆ ಮಣ್ಣು ಎಳೆದೆ. ಸುಣ್ಣ ಉದುರಿಸುವ ಕೆಲಸವನ್ನೂ, ಡಾಕ್ಟರ ಮಾತಿಗೆ ಮರ್ಯಾದೆ ಕೊಟ್ಟು, ಅತ್ತೆಯ ಕೈಯಿಂದ ಕಿತ್ತುಕೊಂಡೆ.

ಆದರೆ ನಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಮನೆ, ನಾಲ್ಕು ಬೆಂಕಿ. ಮೊದಲ ಮನೆಯಲ್ಲಿ ಅತ್ತೆಯ ಉಬ್ಬಸದ ವಿಷಯ ಹೇಳಿದೆ. “ವಯಸ್ಸಾಯ್ತಲ್ಲಮ್ಮ, ಕೆಮ್ಮದೆ ಇರ್ತಾರಾ?” ಎಂದು ಆಕೆ ಕಸಬರಿಕೆ ಮುಂದೆ ತಳ್ಳಿದಳು. ಎರಡನೇ ಮನೆಯಲ್ಲಿ ಬುದ್ಧಿ ಓಡಿಸಿದೆ.

“ನಮ್ಮ ಹುಳ ನಾಕನೇ ಜ್ವರಕ್ಕೆ ಕೂತೈತೆ ಕಣಕ್ಕ” ಎಂದೆ. ಹುಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ.

“ಅಯ್ಯೋ, ಪುರುಗುಲಕಾ? ಮುಂಚೇನೇ ಅಂದಿದ್ರೆ ಹಚ್ತಾನೇ ಇರ್ಲಿಲ್ವಲ್ಲ!” ಎಂದು ಆ ಅಕ್ಕ ಉರಿಯುತ್ತಿದ್ದ ಗುಡ್ಡೆಗೆ ಆಗಲೇ ನೀರು ಹಾಕಿದಳು. ಮಿಕ್ಕ ಎರಡು ಮನೆಗೂ ಹೋದೆ, ಮೊದಲ ಮನೆಗೆ ಮತ್ತೆ ಹೋದೆ, ಹುಳುವಿನ ಹೆಸರೇ ಹೇಳಿದೆ. ಮರುದಿನದಿಂದ ಬೀದಿಯಲ್ಲಿ ಹೊಗೆಯಿಲ್ಲ. ಆದರೆ ಹುಳುವಿಗಿರುವ ಬೆಲೆ ಅತ್ತೆಗಿಲ್ಲವಲ್ಲ! ಅತ್ತೆಗೆ ನಾನು ಇದನ್ನು ಹೇಳಲಿಲ್ಲ.

ಹುಳು ಹಣ್ಣಾಯಿತು, ಗೂಡು ಕಟ್ಟಿತು, ಗಂಡ ಗೂಡನ್ನು ಹಿಂದೂಪುರದ ಮಾರ್ಕೆಟ್ಟಿಗೆ ಹಾಕಿ ಬಂದರು. ಮಾರನೆಯ ಬೆಳಗ್ಗೆ ಎರಡನೇ ಮನೆಯ ಅಕ್ಕ ಸೊಂಟಕ್ಕೆ ಕಡ್ಡಿಪೆಟ್ಟಿಗೆ ಸಿಕ್ಕಿಸಿಕೊಂಡು ನಮ್ಮ ಬಾಗಿಲಿಗೆ ಬಂದಳು. ಅವಳದೂ ತಪ್ಪಲ್ಲ, ಎರಡು ವಾರದ ಕಸ ಕೂಡಿಟ್ಟಿದ್ದಳು.

“ಹುಳ ಹೋಯ್ತಲ್ಲಮ್ಮ, ಇನ್ನು ಹಚ್ಬೋದಲ್ಲ?”

ಇನ್ನೊಂದು ಸುಳ್ಳಿಗಾಗಿ ತಡಕಾಡಿದೆ. ಖಾಲಿ ಹುಳುವಿನ ಮನೆಯ ಬಾಗಿಲು ಅವಳ ಕಣ್ಣೆದುರೇ ತೆರೆದಿತ್ತು. ಜಗಲಿಯ ಮೇಲೆ ಕೂತಿದ್ದ ಅತ್ತೆ ತಲೆ ಎತ್ತಿದರು. ನಲವತ್ತು ವರ್ಷದಲ್ಲಿ ತಮಗೆಂದು ಯಾರ ಹತ್ತಿರವೂ ಏನೂ ಕೇಳದ ಹೆಂಗಸು.

“ಬ್ಯಾಡ ಕಣಮ್ಮ. ಹುಳ ಹೋದ್ರೇನು, ನಾನಿಲ್ಲೇ ಐದೀನಲ್ಲ.”

ಅಕ್ಕ ಸೊಂಟದ ಕಡ್ಡಿಪೆಟ್ಟಿಗೆ ತೆಗೆದು ಜಗಲಿಯ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಗುದ್ದಲಿ ಎಲ್ಲಿದೆ ಎಂದು ಕೇಳಿದಳು.