ಅರಳೆಯ ಕಸದೊಳಗಿನ ಜೇಡ

ಆ ದಿನ ಹೊತ್ತು ಮೂಡಿದ ಕೂಡಲೇ ನಾವಿಬ್ಬರು ಸೊಸೆಯಂದಿರು ಮಾಡಿದ್ದು: ಬಾವಿಯಿಂದ ನೀರು ಸೇದಿ ದಪ್ಪ ಬಟ್ಟೆಯಲ್ಲಿ ಸೋಸಿದ್ದು, ಬಟ್ಟೆಗೆ ಅಂಟಿದ ಸಣ್ಣ ಜೀವ ಸಾಯದಿರಲೆಂದು ಅದನ್ನು ಬಾವಿಯ ನೀರಿನಲ್ಲೇ ಜಾಲಿಸಿದ್ದು, ಅಕ್ಕಿ ಬೇಳೆ ಆರಿಸಿದ್ದು, ಗೋದಿ ಬೀಸಿದ್ದು, ಕಟ್ಟಿಗೆ ಒಂದೊಂದೇ ಬಡಿದು ಹುಳವಿಲ್ಲವೆಂದು ನೋಡಿ ಒಲೆಗಿಟ್ಟಿದ್ದು, ಹಾಲು ಕಾಸಿದ್ದು, ಅಡುಗೆಮನೆ ಒರೆಸಿದ್ದು. ಇಚಲಕರಂಜಿಗೆ ಮುನಿಗಳು ಬಂದಿದ್ದರು. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲೇ ಅವರ ಊಟ. ಯಾರ ಮನೆಗೆ ಬರುತ್ತಾರೆಂದು ಮೊದಲೇ ಹೇಳುವಂತಿಲ್ಲ. ಹಾಗಾಗಿ ಓಣಿಯ ಜೈನರೆಲ್ಲ ಅಡುಗೆ ಮಾಡಿ, ಕಲಶ ಹಿಡಿದು ಬಾಗಿಲಲ್ಲಿ ಕಾಯುವುದು.

ಅಂದು ಕಲಶ ಹಿಡಿಯಬೇಕಾದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಕುರುಂದವಾಡದ ಹುಡುಗಿ, ಮದುವೆಯಾಗಿ ವರ್ಷವಾಗಿರಲಿಲ್ಲ. ತವರಿನಲ್ಲಿ ಎಷ್ಟು ಕಾದರೂ ಅವರ ಬಾಗಿಲಿಗೆ ಮುನಿಗಳು ಬಂದಿರಲಿಲ್ಲವಂತೆ. ಎಷ್ಟೋ ದಿನದಿಂದ ಅವಳಿಗೆ ಅದೊಂದೇ ಧ್ಯಾನ.

"ಅಕ್ಕಾ, ಮುನಿಗಳನ್ನ ನಮೋಸ್ತು ಅಂತ ಕರಿಯೂವಾಗ ನನ್ನ ದನಿ ನಡಗಿದ್ರ?"

"ನಡಗಲಿ ಬಿಡು. ಮುನಿಗಳು ಊಟಕ್ಕ ಬರತಾರ, ನಿನ್ನ ಹಾಡ ಕೇಳಾಕಲ್ಲ."

ಹಿತ್ತಲಲ್ಲಿ, ಬಚ್ಚಲಿಗೆ ಹೊಂದಿಕೊಂಡು ಒಂದು ಲಿಂಬಿಗಿಡ. ಗೋಡೆಯಾಚೆ ಮಗ್ಗದ ಶೆಡ್ಡು. ಅದರ ಅರಳೆಯ ಧೂಳು ನಮ್ಮ ಗಿಡ, ಬಟ್ಟೆ, ತಲೆಗೂದಲ ಮೇಲೆಲ್ಲ. ನೆಗೆಣ್ಣಿ ಹಿತ್ತಲು ಗುಡಿಸುವಾಗ ಆ ಗಿಡದಲ್ಲಿ ಒಂದು ಬಲೆ ಕಂಡಿತು, ಅದರೊಳಗೆ ಒಂದು ಸಾಲು ಕಸ. ನಮ್ಮಲ್ಲಿ ಕಲಿಸಿದ ಹಾಗೇ ಬಗ್ಗಿ ನೋಡಿದಳು, ಮೆಲ್ಲಗೆ ಊದಿದಳು, ಕಾದಳು. ಏನೂ ಅಲ್ಲಾಡಲಿಲ್ಲ. ಕಡ್ಡಿಗೆ ಸುತ್ತಿ ಬಚ್ಚಲ ಒಲೆಗೆ ಹಾಕಿದಳು. ಉರಿ ತಾಕಿದಾಗ ಕಸದ ಒಂದು ಉಂಡೆಗೆ ಕಾಲು ಬಿಚ್ಚಿಕೊಂಡವು. ಅಷ್ಟೇ, ಮುಗಿಯಿತು.

ಅವಳೇ ಬಂದು ಅತ್ತೆಗೆ ಹೇಳಿದಳು. "ಅತ್ತೀ, ನನ್ನ ಕೈಯಾಗ ಒಂದ ಜ್ಯಾಡ ಸತ್ತೈತ್ರಿ."

ಅತ್ತೆ ಕೊಬ್ಬರಿ ತುರಿಯುತ್ತಿದ್ದರು. ತಲೆ ಎತ್ತಲಿಲ್ಲ. "ಹಂಗಾರ ಇವತ್ತ ಕಲಶ ಮುಟ್ಟಬ್ಯಾಡ. ಹಿತ್ತಲದಾಗ ಕೂಡು."

"ಊದಿ ನೋಡೀನ್ರಿ, ಅಲ್ಲಾಡ್ಲಿಲ್ರಿ."

"ಕಣ್ಣ ಇದ್ದಾಕಿಗೆ ಕಾಣತೈತಿ."

ಈ ಮಾತು ಬರೆಯುವಾಗ ಇವತ್ತೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಜೇಡ ನನಗೆ ಗೊತ್ತು. ಆ ಗಿಡದ ಕೆಳಗೇ ನಾನು ದಿನಾ ಬಟ್ಟೆ ಒಗೆಯುವವಳು. ಗಾಲಿಯ ಹಾಗೆ ದುಂಡಗೆ ಬಲೆ ನೇಯ್ದು, ತಿಂದು ಬಿಟ್ಟ ಹುಳದ ಸಿಪ್ಪೆ, ಅರಳೆ, ಒಣ ಎಲೆಯ ಚೂರು ಎಲ್ಲವನ್ನೂ ನಡುವೆ ಮೇಲಿಂದ ಕೆಳಗೆ ಸಾಲಾಗಿ ಅಂಟಿಸುತ್ತದೆ. ಕಾಲು ಮುದುಡಿ ಆ ಸಾಲಿನೊಳಗೇ ತಾನೂ ಒಂದು ಕಸವಾಗಿ ಕೂರುತ್ತದೆ. ಅದೇ ಬಣ್ಣ, ಅದೇ ಗಾತ್ರ. ಮಣ್ಣಿನ ಗೂಡು ಕಟ್ಟುವ ಕಣಜ ಜೇಡ ಹಿಡಿಯಲು ಬಂದು, ಸಾಲನ್ನು ಸುತ್ತಿ ಸುತ್ತಿ, ಬರೀ ಅರಳೆಯ ಉಂಡೆ ಕಚ್ಚಿ ಬಿಟ್ಟು ಹೋದದ್ದನ್ನು ನಾನೇ ನೋಡಿದ್ದೇನೆ. ಅದರ ಬದುಕೇ ಜೇಡ ಹುಡುಕುವುದು. ಅದಕ್ಕೇ ಕಾಣದ್ದು ಈ ಹುಡುಗಿಗೆ ಕಾಣಬೇಕಿತ್ತೇ?

ಅತ್ತೆಯ ಕೈ ಹಿಡಿದು ಎಬ್ಬಿಸಿ ಲಿಂಬಿಗಿಡಕ್ಕೆ ಕರೆದುಕೊಂಡು ಹೋದೆ. ಆಚೆಯ ಟೊಂಗೆಯಲ್ಲಿ ಇನ್ನೊಂದು ಬಲೆ ಇತ್ತು.

"ತೋರಸ್ರಿ ಅತ್ತೀ. ಇದರಾಗ ಜ್ಯಾಡ ಎಲ್ಲೈತಿ?"

ಚಷ್ಮಾ ಸರಿ ಮಾಡಿಕೊಂಡು ಬಗ್ಗಿದರು. "ಎಲ್ಲೀ ಜ್ಯಾಡ? ಎಲ್ಲಾ ಮಗ್ಗದವರ ಹೊಲಸ." ಹೇಳುತ್ತಲೇ ಕಿತ್ತು ಹಾಕಲು ಕೈ ಚಾಚಿದರು. ನಾನು ಮಣಿಕಟ್ಟು ಹಿಡಿದೆ. ಲಿಂಬಿ ಎಲೆಯ ತುದಿಯಿಂದ ನಡುವಿನ ಉಂಡೆ ಮುಟ್ಟಿದೆ. ಅದು ಸರಸರ ಮೇಲಕ್ಕೆ ಓಡಿತು.

ಅತ್ತೆ ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡರು. "ನಾ ಏನ ಕೊಂದಿಲ್ಲಲಾ."

"ನಾ ಕೈ ಹಿಡದೆ, ಅದಕ್ಕ ಕೊಂದಿಲ್ರಿ."

"ಭಾಳ ಮಾತ ಕಲತಿ. ಹೊತ್ತಾತು ನಡಿ, ಕಲಶ ನೀ ಹಿಡಿ."

"ಆಕಿಗೆ ಬ್ಯಾಡಾದ್ದು ನನಗೂ ಬ್ಯಾಡ್ರಿ."

ಅವರಿಗೆ ಎದುರಾಗಿ ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆ ತಾವೇ ಕಲಶ ಹಿಡಿದು ಹೊರಗೆ ಹೋದರು. ನಾವಿಬ್ಬರೂ ಬಚ್ಚಲ ಕಟ್ಟೆಯ ಮೇಲೆ ಕುಳಿತೆವು. "ನಮೋಸ್ತು, ನಮೋಸ್ತು, ಅತ್ರ ತಿಷ್ಠ ತಿಷ್ಠ" ಎಂದು ಅತ್ತೆಯ ದನಿ ಕೇಳಿತು. ಮುನಿಗಳು ನಿಂತರು. ನಮ್ಮ ಮನೆಗೇ ಬಂದರು. ನೆಗೆಣ್ಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಳಗೆ ಹೋಗಿ ನೋಡುವಂತೆಯೂ ಇರಲಿಲ್ಲ.

ಊಟ ನಿರ್ವಿಘ್ನವಾಗಿ ಮುಗಿಯಿತು. ಓಣಿಯವರೆಲ್ಲ ಬಂದು ಅತ್ತೆಗೆ ನಿಮ್ಮ ಪುಣ್ಯ ದೊಡ್ಡದು ಎಂದರು. ಅವರು ಕೈ ಮುಗಿದು ಒಪ್ಪಿಕೊಂಡರು. ಮುನಿಗಳ ಅಂಗೈಗೆ ಬಿದ್ದ ಚಪಾತಿಯ ಹಿಟ್ಟು ಬೀಸಿದ್ದು ಹಿತ್ತಲಲ್ಲಿ ಕೂಡಿಸಿದವಳ ಕೈ ಎಂದು ಯಾರೂ ಹೇಳಲಿಲ್ಲ. ಒಲೆಯ ಮುಂದೆ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಿಜ ಹೇಳಿದಳು, ಹಿತ್ತಲಿಗೆ ಹೋದಳು. ಅವಳ ಆಸೆ ತೀರಲು ಮುನಿಗಳು ಮತ್ತೆ ಯಾವಾಗ ಬರುತ್ತಾರೋ ಯಾರಿಗೆ ಗೊತ್ತು.

ಹೊತ್ತು ಮುಳುಗುವ ಮೊದಲೇ ನಮ್ಮ ಊಟ: ಚಪಾತಿ, ಹೆಸರುಬೇಳೆ, ಅನ್ನ. ಅತ್ತೆ ತಾವೇ ಎದ್ದು ಬಂದು ನೆಗೆಣ್ಣಿಯ ತಾಟಿಗೆ ತುಪ್ಪ ಹಾಕಿದರು. ಅವಳು ತಲೆ ತಗ್ಗಿಸಿ ಉಂಡಳು. ನನ್ನ ತಾಟಿಗೆ ಬಂದಾಗ ನಾನು ಕೈ ಅಡ್ಡ ಹಿಡಿದೆ. ಭಾಂಡಿ ತೊಳೆದು ಬರುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಮಲಗಿದ್ದವರು ಅತ್ತೆ, ಗೊರಕೆ ಹೊಡೆಯುತ್ತಿದ್ದರು.