ಹೊಟ್ಟಿ ಗಾಜಿನ ತಟ್ಟಿ ಅಲ್ಲ

ಆಲಿವ್ ಎಣ್ಣೆಯ ಅಂಶಗಳು ಕರುಳಿನ ಕ್ಯಾನ್ಸರ್ ಕೋಶಗಳನ್ನು ಏನು ಮಾಡುತ್ತವೆಂದು ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಕೋಶ ಬೆಳೆಸಿ ನೋಡುವುದು ನನ್ನ ಕೆಲಸ. ಅದನ್ನು ಕೇಳಿ ಮಾಳಮಡ್ಡಿಯ ಹತ್ತಿ ವ್ಯಾಪಾರಿಯೊಬ್ಬರು ಹೆಂಡತಿಯೊಡನೆ ಬಂದರು. ತಮ್ಮ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದ್ದರೂ ಆಪರೇಶನ್ ಬೇಡವೆಂದು ಹಟ ಹಿಡಿದಿದ್ದರು.

"ಆ ಎಣ್ಣಿ ಕುಡದ್ರ ಸಾಕಲ್ರಿ?"

"ಗಾಜಿನ ತಟ್ಟ್ಯಾಗ ಕೋಶ ಬೆಳಿಯೂದು ಕಮ್ಮಿ ಆಗೈತಿ, ಖರೇ. ನಿಮ್ಮ ಹೊಟ್ಟಿ ಗಾಜಿನ ತಟ್ಟಿ ಅಲ್ರಿ."

"ನಿಮ್ಮ ಎಣ್ಣಿ ಮ್ಯಾಲ ನಿಮಗ ನಂಬಿಕಿ ಇಲ್ಲೇನು?" ಎಂದು ರೇಗಿದರು.

"ಐತ್ರಿ. ಅದಕ್ಕ ಇನ್ನೂ ಪರೀಕ್ಷಾ ಮಾಡಾಕತ್ತೇನಿ. ಅಲ್ಲೀತನಕಾ ನೀವು ಕಾಯಬ್ಯಾಡ್ರಿ."

ಅವರ ಹೆಂಡತಿ ಎದ್ದು ನಿಂತರು. "ಏಳ್ರಿ, ದವಾಖಾನಿಗೆ ಹೋಗೂಣು."

ಮೊನ್ನೆ ಇಬ್ಬರೂ ನಗುತ್ತ ಬಂದರು. ಆಪರೇಶನ್ ಆಗಿ, ಚಿಕಿತ್ಸೆ ಮುಗಿದು, ತಪಾಸಣೆಯಲ್ಲಿ ಕ್ಯಾನ್ಸರಿನ ಸುಳಿವೂ ಇರಲಿಲ್ಲ. ಯಾವ ಪ್ರಯೋಗ ಗೆದ್ದಾಗಲೂ ನಾನು ಇಷ್ಟು ಹಿಗ್ಗಿರಲಿಲ್ಲ. ಎಣ್ಣೆಯಿಂದಲೇ ಗುಣವಾಗುತ್ತದೆ ಎನ್ನುವವರಿಗೆ ಈಗ ಆ ವ್ಯಾಪಾರಿಯೇ 'ಹೊಟ್ಟಿ ಗಾಜಿನ ತಟ್ಟಿ ಅಲ್ರಿ' ಎಂದು ನನ್ನ ಮಾತನ್ನೇ ಹೇಳುತ್ತಾರಂತೆ, ಸಂಶೋಧನೆ ತಮ್ಮದೇ ಎಂಬಂತೆ.